ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು: ಒಂದು ಟೆಸ್ಟಿಂಗ್ ಸಮ್ಮೇಳನದ ಕಥೆ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿ ಕಡೆ ಓಡಾಡಿದವರು ಈ ಬೋರ್ಡುಗಳನ್ನ ನೋಡೇ ಇರ್ತೀರಿ: 'ಮ್ಯಾನ್ಯುಯಲ್ ಟೆಸ್ಟಿಂಗ್, ಕೋರ್ ಜಾವಾ, ಸೆಲೆನಿಯಮ್'. ಎಂಜಿನಿಯರಿಂಗ್ ಮುಗಿಸಿ ಕ್ಯಾಂಪಸ್ಸಿನಲ್ಲಿ ಕೆಲಸ ಸಿಗದವರು, ಬಿಸಿಎ, ಬಿಎಸ್ಸಿ ಓದಿದವರು, ನನ್ನ ಹಾಗೆ ಬಿ.ಕಾಂ ಮಾಡಿದವರು, ಹೀಗೆ ಎಷ್ಟೋ ಜನ ಐಟಿ ಒಳಗೆ ಕಾಲಿಟ್ಟಿದ್ದು ಆ ಬೋರ್ಡಿನ ಕೆಳಗಿನ ಮೆಟ್ಟಿಲು ಹತ್ತಿ. ಮೊದಲ ಎರಡು ಪದ ಏನು ಅಂತ ಕೇಳಿದ್ರೆ ಎಲ್ಲರೂ ಹೇಳ್ತಾರೆ. ಮೂರನೆಯದರ ಹಿಂದೆ ಮಾತ್ರ ಒಂದು ಇತಿಹಾಸ ಇದೆ. ಅದರಲ್ಲಿ ಒಂದು ತಮಾಷೆ, ಸಾವಿರಾರು ಕೋಟಿಯ ಒಂದು ವ್ಯಾಪಾರ, ಐದು ನಿಮಿಷದ ಒಂದು ಭಾಷಣ, ಮತ್ತೆ ಊರಿಂದ ಊರಿಗೆ ಹೋಗುವ ಒಂದು ಸಮ್ಮೇಳನ ಎಲ್ಲಾ ಬರುತ್ತವೆ. ಆ ಸಮ್ಮೇಳನದ ಹೆಸರು ಸೆಲೆನಿಯಮ್ ಕಾನ್ಫರೆನ್ಸ್. ಇವತ್ತು ಅದರ ಕಥೆ.

ಮೊದಲು ಈ ಕೆಲಸ ಏನು ಅಂತ ನೋಡೋಣ. ಕಾಮರ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ಹಾಕ್ತೀವಲ್ಲ, ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ, ಎರಡೂ ತಾಳೆ ಆಗಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್ ಕೂಡ ತಾಳೆ ನೋಡುವ ಕೆಲಸವೇ. ಒಂದು ಬಸ್ ಟಿಕೆಟ್ ಬುಕಿಂಗ್ ವೆಬ್‌ಸೈಟ್ ಇದೆ ಅಂದುಕೊಳ್ಳಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸು ಹುಡುಕಬೇಕು, ಕಿಟಕಿ ಸೀಟು ಆರಿಸಬೇಕು, ಹಣ ಕಟ್ಟಬೇಕು, ಟಿಕೆಟ್ ಬರಬೇಕು. ಇದನ್ನ ಕ್ರೋಮ್‌ನಲ್ಲಿ ನೋಡಬೇಕು, ಫೈರ್‌ಫಾಕ್ಸ್‌ನಲ್ಲಿ ನೋಡಬೇಕು, ಸಫಾರಿಯಲ್ಲಿ ನೋಡಬೇಕು. ನಾಳೆ ಯಾರೋ ಒಬ್ಬರು ದರದ ಲೆಕ್ಕದಲ್ಲಿ ಒಂದು ಸಾಲು ಬದಲಿಸಿದರೆ ಇಡೀ ಸರಪಳಿಯನ್ನ ಮತ್ತೆ ಮೊದಲಿಂದ ನೋಡಬೇಕು. ಕೈಯಲ್ಲಿ ಮಾಡಿದ್ರೆ ಕಣ್ಣು ಸೋಲುತ್ತೆ, ಬೆರಳು ಸೋಲುತ್ತೆ, ಕೊನೆಗೆ ಮನಸ್ಸೂ ಸೋಲುತ್ತೆ. ಹಾಗಾಗಿ ಈ ಒತ್ತುವ, ತುಂಬುವ, ನೋಡುವ ಕೆಲಸವನ್ನ ಒಂದು ಪ್ರೋಗ್ರಾಂ ಕೈಲೇ ಮಾಡಿಸೋದು. ಅದೇ ಆಟೊಮೇಷನ್ ಟೆಸ್ಟಿಂಗ್.

ಷಿಕಾಗೋದ ಒಂದು ಬೇಸರ

2004. ಅಮೆರಿಕದ ಷಿಕಾಗೋದಲ್ಲಿ ಥಾಟ್‌ವರ್ಕ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಕಚೇರಿ. ಅಲ್ಲಿ ಜೇಸನ್ ಹಗಿನ್ಸ್ ಎಂಬ ಎಂಜಿನಿಯರ್ ಕಂಪನಿಯ ಒಳಗೇ ಬಳಸುವ ಒಂದು ವೆಬ್ ಅಪ್ಲಿಕೇಶನ್ ಮೇಲೆ ಕೆಲಸ ಮಾಡ್ತಿದ್ದರು. ಯಾರು ಎಷ್ಟು ಗಂಟೆ ದುಡಿದರು, ಯಾರಿಗೆ ಎಷ್ಟು ಖರ್ಚಾಯಿತು ಅಂತ ಬರೆದಿಡುವ ಅಪ್ಲಿಕೇಶನ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಾಜರಿ ಪುಸ್ತಕ ಮತ್ತು ಖರ್ಚಿನ ವೋಚರ್. ಅದನ್ನ ಬೇರೆ ಬೇರೆ ಬ್ರೌಸರ್‌ಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸುವ ಬೇಸರಕ್ಕೆ ಹಗಿನ್ಸ್ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಸಾಧನ ಬರೆದರು. ಅದು ಬ್ರೌಸರ್ ಒಳಗೇ ಕುಳಿತು ತಾನೇ ಬಟನ್ ಒತ್ತುತ್ತಿತ್ತು, ತಾನೇ ಫಾರಂ ತುಂಬುತ್ತಿತ್ತು.

ಹೆಸರು ಬಂದ ಬಗೆ ತಮಾಷೆಯಾಗಿದೆ. ಆ ಕಾಲದಲ್ಲಿ ಟೆಸ್ಟಿಂಗ್ ಸಾಧನಗಳ ಮಾರುಕಟ್ಟೆಯ ದೊಡ್ಡ ಸಾಹುಕಾರ ಮರ್ಕ್ಯುರಿ ಇಂಟರ್‌ಆ್ಯಕ್ಟಿವ್ ಎಂಬ ಕಂಪನಿ. ವಿನ್‌ರನ್ನರ್, ಲೋಡ್‌ರನ್ನರ್, ಕ್ಯೂಟಿಪಿ ಎಲ್ಲಾ ಅವರದ್ದೇ. ಮರ್ಕ್ಯುರಿ ಅಂದ್ರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಅಂತ ಹಗಿನ್ಸ್ ಒಂದು ಇಮೇಲ್‌ನಲ್ಲಿ ಚೇಷ್ಟೆ ಮಾಡಿದರು. ಓದಿದವರು ನಕ್ಕರು, ಅದೇ ಹೆಸರು ಉಳಿಯಿತು.

ಚೇಷ್ಟೆಯ ಒಳಗೊಂದು ವ್ಯವಹಾರದ ಮಾತೂ ಇತ್ತು. ಮರ್ಕ್ಯುರಿಯ ಸಾಧನ ಬೇಕಂದ್ರೆ ಲೈಸೆನ್ಸ್ ಕೊಳ್ಳಬೇಕು, ಅದೂ ಸಾವಿರಾರು ಡಾಲರ್ ಕೊಟ್ಟು. ಥಾಟ್‌ವರ್ಕ್ಸ್‌ನವರು ಸೆಲೆನಿಯಮ್ಮನ್ನ ಓಪನ್ ಸೋರ್ಸ್ ಮಾಡಿಬಿಟ್ಟರು. ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ತಮ್ಮ ವ್ಯಾಪಾರಕ್ಕೂ ಬಳಸಬಹುದು. ಎರಡು ವರ್ಷದ ನಂತರ, 2006ರಲ್ಲಿ, ಎಚ್‌ಪಿ ಕಂಪನಿ ಮರ್ಕ್ಯುರಿಯನ್ನ ಸುಮಾರು 450 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಒಂದು ಕಡೆ 450 ಕೋಟಿ ಡಾಲರ್, ಇನ್ನೊಂದು ಕಡೆ ಬೆಲೆಯೇ ಇಲ್ಲದ ಸರಕು. ಇದು ಹೇಗೆ ಬದುಕುತ್ತೆ, ಇದನ್ನ ಸಾಕೋರು ಯಾರು? ಕಾಮರ್ಸ್ ಕ್ಲಾಸಿನಲ್ಲಿ ಕೂತವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಇದು.

ಎರಡು ದಾರಿ, ಒಂದು ಮನೆ

ಬೆಲೆಯಿಲ್ಲದ ಸರಕನ್ನ ಬಳಸಿದವರೇ ಬೆಳೆಸತೊಡಗಿದರು. ಶುರುವಿನಲ್ಲಿ ಒಂದು ದೊಡ್ಡ ತೊಡಕಿತ್ತು. ಬ್ರೌಸರ್‌ಗಳಲ್ಲಿ ಒಂದು ಸುರಕ್ಷತಾ ನಿಯಮ ಇರುತ್ತೆ: ಒಂದು ವೆಬ್‌ಸೈಟಿನಿಂದ ಬಂದ ಸ್ಕ್ರಿಪ್ಟ್ ಇನ್ನೊಂದು ವೆಬ್‌ಸೈಟಿನ ಪುಟವನ್ನ ಮುಟ್ಟುವ ಹಾಗಿಲ್ಲ. ನಮ್ಮ ಮನೆ ಬೀಗದ ಕೈ ಪಕ್ಕದ ಮನೆಗೆ ನಡೆಯಬಾರದು ಅನ್ನೋ ಹಾಗೆ. ಒಳ್ಳೆಯ ನಿಯಮವೇ, ಆದ್ರೆ ಪರೀಕ್ಷೆ ಮಾಡುವ ಸ್ಕ್ರಿಪ್ಟ್‌ಗೂ ಅದೇ ತಡೆ. ಇದಕ್ಕೆ ಪಾಲ್ ಹ್ಯಾಮಂಟ್ ಮತ್ತು ಸಂಗಡಿಗರು ಒಂದು ಉಪಾಯ ಮಾಡಿದರು. ಬ್ರೌಸರ್‌ಗೂ ವೆಬ್‌ಸೈಟಿಗೂ ನಡುವೆ ಒಂದು ಸರ್ವರ್ ನಿಲ್ಲಿಸಿ, ಎಲ್ಲವೂ ಒಂದೇ ಮನೆಯಿಂದ ಬರುತ್ತಿದೆ ಅಂತ ಬ್ರೌಸರ್ ನಂಬುವ ಹಾಗೆ ಮಾಡಿದರು. ಅದೇ ಸೆಲೆನಿಯಮ್ ರಿಮೋಟ್ ಕಂಟ್ರೋಲ್. ಜಪಾನಿನ ಶಿನ್ಯಾ ಕಸತಾನಿ ಅವರು ಫೈರ್‌ಫಾಕ್ಸ್‌ಗೆ ಸೆಲೆನಿಯಮ್ ಐಡಿಇ ಎಂಬ ಆಡ್-ಆನ್ ಬರೆದು 2006ರಲ್ಲಿ ಯೋಜನೆಗೆ ಕೊಟ್ಟರು. ನೀವು ಕ್ಲಿಕ್ ಮಾಡುತ್ತಾ ಹೋದ ಹಾಗೆ ಅದು ಬರೆದುಕೊಳ್ಳುತ್ತಾ ಹೋಗುತ್ತೆ, ಆಮೇಲೆ ಅದೇ ಕ್ಲಿಕ್ಕುಗಳನ್ನ ತಾನೇ ಮಾಡಿ ತೋರಿಸುತ್ತೆ. ಕೋಡ್ ಬರೆದೇ ಗೊತ್ತಿಲ್ಲದ ಎಷ್ಟೋ ಜನರಿಗೆ ಆಟೊಮೇಷನ್‌ನ ಮೊದಲ ಪಾಠ ಆಗಿದ್ದು ಅದರಲ್ಲೇ.

ಅದೇ ಹೊತ್ತಿಗೆ ಥಾಟ್‌ವರ್ಕ್ಸ್‌ನಲ್ಲೇ ಇದ್ದ ಸೈಮನ್ ಸ್ಟೀವರ್ಟ್ ಬೇರೆ ದಾರಿ ಹಿಡಿದರು. ಪುಟದ ಒಳಗೆ ಕುಳಿತು ಜಾವಾಸ್ಕ್ರಿಪ್ಟ್ ಮೂಲಕ ನಟಿಸೋದು ಯಾಕೆ, ಹೊರಗಿನಿಂದ ಬ್ರೌಸರ್‌ಗೇ ನೇರವಾಗಿ ಅಪ್ಪಣೆ ಕೊಡೋಣ, ಮನುಷ್ಯ ಟೈಪ್ ಮಾಡಿದ ಹಾಗೇ ಆಗಲಿ ಅಂತ. ಅವರ ಸಾಧನದ ಹೆಸರು ವೆಬ್‌ಡ್ರೈವರ್. ಆಮೇಲೆ ಅವರೂ ಹಗಿನ್ಸ್ ಕೂಡ ಗೂಗಲ್ ಸೇರಿದರು.

ಈಗ ಎರಡು ಸಾಧನ. ಸೆಲೆನಿಯಮ್ ಹೆಚ್ಚು ಬ್ರೌಸರ್‌ಗಳಲ್ಲಿ ಓಡುತ್ತೆ, ಆದರೆ ಜಾವಾಸ್ಕ್ರಿಪ್ಟ್‌ನ ಬೇಲಿ ದಾಟೋಕೆ ಆಗಲ್ಲ. ವೆಬ್‌ಡ್ರೈವರ್ ಬೇಲಿ ದಾಟುತ್ತೆ, ಆದರೆ ಬೆರಳೆಣಿಕೆಯ ಬ್ರೌಸರ್‌ಗಳಲ್ಲಿ ಮಾತ್ರ. ವ್ಯಾಪಾರದಲ್ಲಿ ಇಂಥ ಸಂದರ್ಭ ಬಂದ್ರೆ ಒಬ್ಬರನ್ನೊಬ್ಬರು ಮುಗಿಸೋದೇ ರೂಢಿ. ಇವರು 2009ರಲ್ಲಿ ಎರಡನ್ನೂ ಸೇರಿಸ್ತೀವಿ ಅಂತ ಘೋಷಿಸಿದರು. ಅದಕ್ಕೆ ಸೆಲೆನಿಯಮ್ 2 ಎಂಬ ಹೆಸರು. ಹೊರಗಡೆ ಹೆಸರು ಹಗಿನ್ಸ್ ಅವರದ್ದು ಉಳಿಯಿತು, ಒಳಗಿನ ಎಂಜಿನ್ ಸ್ಟೀವರ್ಟ್ ಅವರದ್ದಾಯಿತು.

2011: ಒಂದೇ ವರ್ಷ, ಎರಡು ಸಭೆ

ಇಷ್ಟು ಹೊತ್ತಿಗೆ ಬಳಸುವವರು ಲೋಕದ ತುಂಬಾ ಇದ್ದರು. 2011ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಸೆಲೆನಿಯಮ್ ಕಾನ್ಫರೆನ್ಸ್ ನಡೆಯಿತು. ಜುಲೈನಲ್ಲಿ ಸೆಲೆನಿಯಮ್ 2.0 ಬಿಡುಗಡೆಯಾಯಿತು. ಯಾವುದೇ ಕಂಪನಿಯ ಸರಕು ಮಾರೋಕೆ ಕಟ್ಟಿದ ಸಮ್ಮೇಳನ ಅಲ್ಲ ಇದು. ಯೋಜನೆಯ ಹಣಕಾಸು, ಕಾನೂನಿನ ವ್ಯವಹಾರ ನೋಡಿಕೊಳ್ಳೋದು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ. ನಮ್ಮೂರ ಸಂಘಗಳಲ್ಲಿ ಖಜಾಂಚಿ ಇರ್ತಾರಲ್ಲ, ಹಾಗೆ.

ಅದೇ 2011ರಲ್ಲಿ ಇನ್ನೊಂದು ಸಭೆಯೂ ನಡೆಯಿತು. ಗೂಗಲ್ 2006ರಿಂದ ತನ್ನದೇ ಒಂದು ಟೆಸ್ಟ್ ಆಟೊಮೇಷನ್ ಸಮ್ಮೇಳನ ನಡೆಸುತ್ತಿತ್ತು. ಜಿಟಿಎಸಿ ಅಂತ ಕರೀತಿದ್ದರು. 2010ರಲ್ಲಿ ಅದು ನಮ್ಮ ಪಕ್ಕದ ಹೈದರಾಬಾದಿಗೂ ಬಂದಿತ್ತು. ಮರುವರ್ಷ ಆ ವೇದಿಕೆ ಮೇಲೆ ಅಲ್ಬರ್ಟೊ ಸವೋಯಾ ಎಂಬುವರು ಯಮದೂತನ ವೇಷದಲ್ಲಿ ಬಂದು 'ಟೆಸ್ಟಿಂಗ್ ಸತ್ತಿದೆ' ಅಂತ ಸಾರಿದರು. ಅವರ ವಾದದಲ್ಲಿ ತಿರುಳಿತ್ತು. ತಪ್ಪು ವಸ್ತುವನ್ನ ಸರಿಯಾಗಿ ಕಟ್ಟಿ ಏನು ಉಪಯೋಗ, ಮೊದಲು ಸರಿಯಾದ ವಸ್ತು ಯಾವುದು ಅಂತ ಪರೀಕ್ಷಿಸಿ ಅನ್ನೋದು ಅವರ ಮಾತು. ಆದ್ರೆ ಶೀರ್ಷಿಕೆ ಮಾತ್ರ ಟೆಸ್ಟರ್‌ಗಳ ಎದೆಗೇ ನಾಟಿತು. ಯಾಕೆ ಅಂದ್ರೆ ಐಟಿಯಲ್ಲಿ ಟೆಸ್ಟರ್ ಅಂದ್ರೆ ಎರಡನೇ ಪಂಕ್ತಿಯವರು ಅನ್ನೋ ಭಾವನೆ ಮೊದಲೇ ಇತ್ತು. ಡೆವಲಪರ್ ಕಟ್ಟುವವನು, ಟೆಸ್ಟರ್ ತಪ್ಪು ಹುಡುಕುವವನು. ಈಗ ಅದೂ ಬೇಡ ಅಂದ್ರೆ?

ಇತಿಹಾಸ ಉತ್ತರ ಕೊಟ್ಟ ರೀತಿ ಸ್ವಾರಸ್ಯವಾಗಿದೆ. ಜಿಟಿಎಸಿ ಕೊನೆಯ ಸಲ ನಡೆದಿದ್ದು 2016ರಲ್ಲಿ. ಸೆಲೆನಿಯಮ್ ಸಮ್ಮೇಳನ ಅದಾದ ಮೇಲೂ ಊರಿಂದ ಊರಿಗೆ ಹೋಗ್ತಾ ಇದೆ.

ಐದು ನಿಮಿಷ

2012ರಲ್ಲಿ ಎರಡನೇ ಸಮ್ಮೇಳನ ಲಂಡನ್ನಿನಲ್ಲಿ. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟನೆ ನಡೆದಿದ್ದು ಅಲ್ಲಿ.

ಡ್ಯಾನ್ ಕ್ಯುಯೆಲ್ಲರ್ ಎಂಬ ಟೆಸ್ಟ್ ಮ್ಯಾನೇಜರ್ ಅಲ್ಲಿಗೆ ಬೇರೆ ಯಾವುದೋ ವಿಷಯ ಮಾತಾಡೋಕೆ ಬಂದಿದ್ದರು. 2011ರಲ್ಲಿ ಝೂಸ್ಕ್ ಎಂಬ ಕಂಪನಿಯಲ್ಲಿದ್ದಾಗ ಐಫೋನ್ ಆ್ಯಪ್ ಪರೀಕ್ಷೆಗೆ ವಿಪರೀತ ಸಮಯ ಹಿಡಿಯುತ್ತಿದ್ದದ್ದು ಅವರ ತಲೆನೋವು. ಆ್ಯಪಲ್ ಕೊಟ್ಟ ಸಾಧನದಲ್ಲಿ ಪೂರ್ತಿ ಪರೀಕ್ಷೆಯನ್ನ ಮೊದಲೇ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದುಕೊಡಬೇಕಿತ್ತು. ಒಂದೊಂದೇ ಅಪ್ಪಣೆ ಕೊಡ್ತಾ ಮುಂದೆ ಹೋಗುವ ದಾರಿ ಇರಲಿಲ್ಲ. ಕ್ಯುಯೆಲ್ಲರ್ ಒಂದು ಕಳ್ಳದಾರಿ ಕಂಡುಹಿಡಿದರು. ಹೊರಗಿನಿಂದ ಒಂದು ಫೈಲಿನಲ್ಲಿ ಅಪ್ಪಣೆ ಬರೆದಿಡೋದು, ಒಳಗಿನ ಸ್ಕ್ರಿಪ್ಟ್ ಅದನ್ನ ಓದಿ ನಡೆಸೋದು, ಮತ್ತೆ ಮುಂದಿನ ಫೈಲಿಗೆ ಕಾಯೋದು. ಹೊರಗಿನ ಭಾಗವನ್ನ ಸೆಲೆನಿಯಮ್ ಬರೆಯುವ ಧಾಟಿಯಲ್ಲೇ ಬರೆದರು. ತಮ್ಮ ಭಾಷಣದ ನಡುವೆ ಒಂದು ಉದಾಹರಣೆಗೆ ಅಂತ ಇದನ್ನ ತೋರಿಸಿದರು. ಭಾಷಣಕ್ಕಿಂತ ಉದಾಹರಣೆಗೇ ಜನ ಹೆಚ್ಚು ಕಿವಿಗೊಟ್ಟರು.

ಎರಡನೇ ದಿನ ಕಿರುಭಾಷಣಗಳ ಸರದಿ. ಲೈಟ್ನಿಂಗ್ ಟಾಕ್ ಅಂತಾರೆ, ತಲಾ ಐದು ನಿಮಿಷ. ನಡೆಸಿಕೊಡುತ್ತಿದ್ದವರು ಅದೇ ಜೇಸನ್ ಹಗಿನ್ಸ್. ಕ್ಯುಯೆಲ್ಲರ್ ವೇದಿಕೆ ಹತ್ತಿದರು, ಆದರೆ ಕಂಪ್ಯೂಟರ್ ಕೈಕೊಟ್ಟಿತು. ಹಗಿನ್ಸ್ ಇನ್ನೇನು ಮುಂದಿನವರನ್ನ ಕರೆಯಬೇಕು, ಅಷ್ಟರಲ್ಲಿ ಪರದೆ ಬೆಳಗಿತು. ಕ್ಯುಯೆಲ್ಲರ್ ಅವಸರದಲ್ಲೇ ವಿವರಿಸಿದರು, ಇದನ್ನ ಬೆಳೆಸೋಕೆ ಯಾರಾದರೂ ಕೈಜೋಡಿಸಿ ಅಂತ ಬೇಡಿಕೊಂಡರು. ಐದು ನಿಮಿಷ ಮುಗಿಯಿತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಇವರು ಕೆಳಗಿಳಿದರು. ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ಹಗಿನ್ಸ್ ಅವರಿಂದ ಫೋನ್. ಅಷ್ಟು ಹೊತ್ತಿಗೆ ಹಗಿನ್ಸ್ ಸಾಸ್ ಲ್ಯಾಬ್ಸ್ ಎಂಬ ಕಂಪನಿಯ ಸ್ಥಾಪಕರಲ್ಲೊಬ್ಬರು. ಮೊಬೈಲ್ ಆ್ಯಪ್ ಪರೀಕ್ಷೆಗೆ ದಾರಿ ಹುಡುಕುವಾಗ ಅವರಿಗೆ ಲಂಡನ್ನಿನ ಆ ಐದು ನಿಮಿಷ ನೆನಪಾಗಿತ್ತು. ಕೋಡ್ ಸಾರ್ವಜನಿಕವಾಗಿ ಬಿಡಿ ಅಂದರು. 2012ರ ಆಗಸ್ಟ್‌ನಲ್ಲಿ ಕ್ಯುಯೆಲ್ಲರ್ ಅದನ್ನ ಓಪನ್ ಸೋರ್ಸ್ ಮಾಡಿದರು. ಮುಂದಿನ ತಿಂಗಳು ಹಗಿನ್ಸ್ ಅದಕ್ಕೆ ವೆಬ್‌ಡ್ರೈವರ್‌ನ ಭಾಷೆ ಕಲಿಸತೊಡಗಿದರು. ಅದೇ ಇವತ್ತಿನ ಆ್ಯಪಿಯಮ್. ಆ್ಯಪ್‌ಗಳಿಗೆ ಸೆಲೆನಿಯಮ್ ಅನ್ನೋ ಅರ್ಥದ ಹೆಸರು. ಮೊಬೈಲ್ ಆ್ಯಪ್ ಟೆಸ್ಟಿಂಗ್ ಕೆಲಸದ ಜಾಹೀರಾತುಗಳಲ್ಲಿ ಈಗ ಈ ಹೆಸರು ಮಾಮೂಲಿ.

ಇದನ್ನ ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಸಮ್ಮೇಳನಕ್ಕೆ ಹೋಗಿ ಬರುವ ಖರ್ಚನ್ನ ಲೆಕ್ಕದ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೀತಾರೆ? ಪ್ರಯಾಣ, ವಸತಿ, ತರಬೇತಿ. ಆದ್ರೆ ಅಲ್ಲಿ ಹುಟ್ಟೋದು ಪರಿಚಯ ಮತ್ತು ನಂಬಿಕೆ. ಅದಕ್ಕೆ ಬ್ಯಾಲೆನ್ಸ್ ಶೀಟಿನಲ್ಲಿ ಜಾಗ ಇಲ್ಲ. ಮಾಲೀಕನೇ ಇಲ್ಲದ ಯೋಜನೆಗೆ ನಿಜವಾದ ಬಂಡವಾಳ ಅದೇ. ಮರ್ಕ್ಯುರಿಗೆ ಸೇಲ್ಸ್ ಟೀಮ್ ಇತ್ತು, ಸೆಲೆನಿಯಮ್‌ಗೆ ಇಂಥ ಸಭೆಗಳಿದ್ದವು.

ಬೆಂಗಳೂರಿಗೆ ಬಂದಾಗ

2013ರಲ್ಲಿ ಬಾಸ್ಟನ್. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು. ಆಗಿನ್ನೂ ಊರಿನ ಹೆಸರು ಇಂಗ್ಲಿಷಿನಲ್ಲಿ ಬ್ಯಾಂಗಲೋರ್ ಅಂತಲೇ ಇತ್ತು, ಅಧಿಕೃತವಾಗಿ ಬೆಂಗಳೂರು ಆಗಿದ್ದು ಅದೇ ವರ್ಷ ನವೆಂಬರ್ 1ಕ್ಕೆ. ಅಮೆರಿಕ, ಇಂಗ್ಲೆಂಡ್ ಬಿಟ್ಟು ಈ ಸಮ್ಮೇಳನ ಹೊರಗೆ ಬಂದಿದ್ದು ಅದೇ ಮೊದಲು.

ಬೆಂಗಳೂರೇ ಯಾಕೆ ಅನ್ನೋದಕ್ಕೆ ಬಹಳ ಯೋಚಿಸಬೇಕಿಲ್ಲ. ಇನ್ಫೋಸಿಸ್, ವಿಪ್ರೋಗಳಂಥ ಕಂಪನಿಗಳಿಗೆ ಟೆಸ್ಟಿಂಗ್ ಒಂದು ಪ್ರತ್ಯೇಕ ವ್ಯವಹಾರ. ಪಶ್ಚಿಮದ ಬ್ಯಾಂಕು, ವಿಮಾನ, ಅಂಗಡಿಗಳ ವೆಬ್‌ಸೈಟುಗಳಿಗೆ ತಾಳೆ ನೋಡುವ ಕೆಲಸ ಇಲ್ಲಿನ ಟೆಕ್ ಪಾರ್ಕುಗಳಲ್ಲಿ ಆಗುತ್ತಿತ್ತು. ಲೈಸೆನ್ಸ್ ಖರ್ಚು ಇಲ್ಲದ ಸಾಧನ ಸಿಕ್ಕಿದ್ದು ಇಲ್ಲಿನ ಹುಡುಗ ಹುಡುಗಿಯರಿಗೆ ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ಸಾವಿರಾರು ಡಾಲರ್ ಕೊಟ್ಟು ಕೊಳ್ಳಬೇಕಾದ ಸಾಧನವನ್ನ ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಪಿಜಿಯಲ್ಲಿ ಇರುವ ಹುಡುಗ ಹೇಗೆ ಕಲೀಬೇಕು? ಸೆಲೆನಿಯಮ್ ಆದ್ರೆ ಹಳೇ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು.

ಆದರೆ ಬಳಸೋದು ಬೇರೆ, ಕಟ್ಟುವವರ ಜೊತೆ ಕೂರೋದು ಬೇರೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಂದ್ರೆ ವೀಸಾ, ವಿಮಾನ, ಹೋಟೆಲ್. ಕಂಪನಿ ದುಡ್ಡು ಕೊಟ್ಟು ಕಳಿಸೋದಾದ್ರೆ ಸಾಮಾನ್ಯವಾಗಿ ಮೇಲಿನ ಹುದ್ದೆಯವರನ್ನ. ಸಮ್ಮೇಳನವೇ ಇಲ್ಲಿಗೆ ಬಂದಾಗ ಆ ದೂರ ಒಂದು ಆಟೋ ಸವಾರಿಗೆ ಇಳಿಯಿತು. ದಿನಾ ಬಳಸುವ ಸಾಧನದ ಒಳಗಿನ ತಪ್ಪನ್ನ ಅದನ್ನ ಬರೆದವರಿಗೇ ತೋರಿಸಿ 'ಸರ್, ಇದು ಹೀಗ್ಯಾಕೆ?' ಅಂತ ಕೇಳಬಹುದಾದ ದೂರ ಅದು. ಭಾರತದ ಎಂಜಿನಿಯರುಗಳು ಇವತ್ತು ಸೆಲೆನಿಯಮ್, ಆ್ಯಪಿಯಮ್ ಎರಡರ ಕೋಡ್ ನೋಡಿಕೊಳ್ಳುವ ತಂಡಗಳಲ್ಲೂ ಇದ್ದಾರೆ.

2018ರ ಜೂನ್‌ನಲ್ಲಿ ಸಮ್ಮೇಳನ ಮತ್ತೆ ಬೆಂಗಳೂರಿಗೆ ಬಂತು. ಅದೇ ತಿಂಗಳ 5ನೇ ತಾರೀಖು ಒಂದು ದೊಡ್ಡ ಘಟನೆ ನಡೆದಿತ್ತು. ವೆಬ್‌ನ ನಿಯಮಗಳನ್ನ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ವೆಬ್‌ಡ್ರೈವರ್‌ಗೆ ಅಧಿಕೃತ ಮಾನದಂಡದ ಮುದ್ರೆ ಒತ್ತಿತ್ತು. ಆ ದಾಖಲೆಯ ಸಂಪಾದಕರು ಸೈಮನ್ ಸ್ಟೀವರ್ಟ್ ಮತ್ತು ಮೊಝಿಲ್ಲಾದ ಡೇವಿಡ್ ಬರ್ನ್ಸ್. ಮಾರುಕಟ್ಟೆಯಲ್ಲಿ ಪರಸ್ಪರ ಜಗಳವಾಡುವ ಗೂಗಲ್, ಮೊಝಿಲ್ಲಾ, ಮೈಕ್ರೋಸಾಫ್ಟ್, ಆ್ಯಪಲ್ ಎಲ್ಲರೂ ಹೊರಗಿನಿಂದ ಬ್ರೌಸರ್ ನಡೆಸುವ ಬಾಗಿಲನ್ನ ಒಂದೇ ಅಳತೆಗೆ ಕೂರಿಸೋಕೆ ಒಪ್ಪಿದ್ದರು. ಮೊದಲು ಪ್ರತಿ ಬ್ರೌಸರ್‌ಗೂ ಸೆಲೆನಿಯಮ್‌ನವರೇ ಡ್ರೈವರ್ ಬರೆಯಬೇಕಿತ್ತು. ಈಗ ಅದು ಬ್ರೌಸರ್ ಮಾಡುವವರದೇ ಜವಾಬ್ದಾರಿ. 2021ರಲ್ಲಿ ಬಂದ ಸೆಲೆನಿಯಮ್ 4 ಪೂರ್ತಿಯಾಗಿ ಈ ಮಾನದಂಡದ ಮೇಲೇ ನಿಂತಿದೆ. ಹಾಜರಿ ಪುಸ್ತಕ ಪರೀಕ್ಷಿಸುವ ಬೇಸರದಿಂದ ಶುರುವಾಗಿದ್ದು 14 ವರ್ಷಕ್ಕೆ ವೆಬ್‌ನ ಕಟ್ಟಳೆಯಾಯಿತು.

ಈಗಿನ ಲೆಕ್ಕ

ಇಲ್ಲಿಗೆ ಸುಖಾಂತ ಅಂತ ನಿಲ್ಲಿಸಬಹುದಿತ್ತು. ಆದ್ರೆ ಪೈಪೋಟಿ ಜೋರಾಗಿದೆ. ಗೂಗಲ್ 2017ರಲ್ಲಿ ಪಪೆಟಿಯರ್ ತಂದಿತು, ಮೈಕ್ರೋಸಾಫ್ಟ್ 2020ರಲ್ಲಿ ಪ್ಲೇರೈಟ್ ತಂದಿತು. ಇವೂ ಓಪನ್ ಸೋರ್ಸ್, ಇವಕ್ಕೂ ದುಡ್ಡಿಲ್ಲ, ಮೇಲಾಗಿ ಚುರುಕಾಗಿವೆ. ಸೆಲೆನಿಯಮ್‌ನಲ್ಲಿ ಬರೆದ ಪರೀಕ್ಷೆಗಳು ಕಾರಣವಿಲ್ಲದೆ ಒಂದು ಸಲ ಪಾಸು, ಒಂದು ಸಲ ಫೇಲು ಆಗ್ತವೆ ಅನ್ನೋ ದೂರು ಹಳೆಯದು. ಪುಟ ಪೂರ್ತಿ ಬರುವ ಮೊದಲೇ ಬಟನ್ ಒತ್ತಲು ಹೋದರೆ ಹೀಗಾಗುತ್ತೆ. ಹೊಸ ಸಾಧನಗಳು ಆ ಕಾಯುವ ಕೆಲಸವನ್ನ ತಾವೇ ನೋಡಿಕೊಳ್ಳುತ್ತವೆ. ಹೊಸಬರು ಅತ್ತ ಹೋದರೆ ಅವರನ್ನ ದೂರೋ ಹಾಗಿಲ್ಲ.

ವ್ಯತ್ಯಾಸ ಇರೋದು ಒಂದೇ ಕಡೆ. ಹೊಸ ಸಾಧನಗಳ ಹಿಂದೆ ಒಂದೊಂದು ಕಂಪನಿ ಇದೆ, ಆ ಕಂಪನಿಗೆ ಅದು ಬೇಕಾಗಿರುವಷ್ಟು ದಿನ ಸಂಬಳ ಕೊಡುತ್ತೆ. ಸೆಲೆನಿಯಮ್ ಹಿಂದೆ ಇರೋದು ಒಂದು ಒಪ್ಪಂದ. ಪಪೆಟಿಯರ್‌ನಂಥ ಸಾಧನಗಳ ಚುರುಕುತನವನ್ನ ಎಲ್ಲಾ ಬ್ರೌಸರ್‌ಗಳಿಗೂ ಅನ್ವಯಿಸುವ ಮಾನದಂಡವಾಗಿ ತರುವ ಕೆಲಸ ವೆಬ್‌ಡ್ರೈವರ್ ಬೈಡೈ ಎಂಬ ಹೆಸರಿನಲ್ಲಿ ಡಬ್ಲ್ಯು3ಸಿಯಲ್ಲಿ ನಡೀತಾ ಇದೆ. ಒಪ್ಪಂದ ಯಾವಾಗಲೂ ನಿಧಾನ, ನಮ್ಮ ಸಹಕಾರ ಸಂಘದ ಸಭೆಗಳ ಹಾಗೆ. ಆದರೆ ಒಮ್ಮೆ ಆಯಿತು ಅಂದ್ರೆ ಒಬ್ಬ ಸಾಹುಕಾರ ಅಂಗಡಿ ಮುಚ್ಚಿದರೂ ಅದು ಮುಚ್ಚಲ್ಲ. ಮರ್ಕ್ಯುರಿಯನ್ನೇ ನೋಡಿ. ಎಚ್‌ಪಿ ಕೊಂಡ ಆ ಸಾಧನಗಳು 2017ರಲ್ಲಿ ಮೈಕ್ರೋ ಫೋಕಸ್ ಕೈಗೆ ಹೋದವು, 2023ರಲ್ಲಿ ಓಪನ್‌ಟೆಕ್ಸ್ಟ್ ಕೈಗೆ. ಮಾಲೀಕರು ಬದಲಾಗ್ತಾನೇ ಇದ್ದಾರೆ.

ಈಗ ಎಐ ಬಂದು ಟೆಸ್ಟಿಂಗ್ ಕೆಲಸ ಹೋಗುತ್ತೆ ಅನ್ನೋ ಭಯ ಎಲ್ಲಾ ಕಡೆ ಇದೆ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಸ್ಕ್ರಿಪ್ಟ್ ಬರೆಯುವ ಕೆಲಸ ಕಡಿಮೆ ಆಗಬಹುದು, ಬರೀ ಸ್ಕ್ರಿಪ್ಟ್ ಕಲಿತವರಿಗೆ ಕಷ್ಟವೂ ಆಗಬಹುದು. ಆದ್ರೆ ಈ 20 ವರ್ಷದಲ್ಲಿ ಸಾಧನ ಎಷ್ಟು ಸಲ ಬದಲಾದರೂ ಒಂದು ಪ್ರಶ್ನೆ ಬದಲಾಗಿಲ್ಲ: ಯಾವುದರ ಜೊತೆ ಯಾವುದು ತಾಳೆ ಆಗಬೇಕು? ಹಣ ಕಟ್ಟಿದವರಿಗೆ ಟಿಕೆಟ್ ಬಂದಿಲ್ಲ ಅಂದ್ರೆ ಅದು ತಪ್ಪು ಅಂತ ಮೊದಲು ಯಾರೋ ಒಬ್ಬ ಮನುಷ್ಯ ತೀರ್ಮಾನಿಸಿರಬೇಕು. ಆ ತೀರ್ಮಾನ ಮಾಡೋದನ್ನ ಕಲಿತ ಟೆಸ್ಟರ್‌ಗೆ ಸಾಧನ ಯಾವುದಾದರೇನು?

ಈ ಸಮ್ಮೇಳನಗಳ ಬಹಳಷ್ಟು ಭಾಷಣಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗ್ತವೆ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಟೆಸ್ಟಿಂಗ್ ಕಲೀತಿರೋರು ಯಾರಾದರೂ ಇದ್ದರೆ ಅವರಿಗೆ ಹೇಳಿ. ಕೋರ್ಸ್ ಮುಗಿಯೋ ತನಕ ಕಾಯಬೇಕಿಲ್ಲ.